ಇನ್ನೂರ ತೊಂಬತ್ತೊಂಬತ್ತಕ್ಕೇ ನಿಂತ ನಮ್ಮ ಸರ್

ಮೊನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುತ್ತಿದ್ದೆ. ಬಸ್ಸು ಅಮರಗೋಳ ದಾಟುವಾಗ ಪಕ್ಕದಲ್ಲಿದ್ದ ಅಜ್ಜಿ ಚೀಲದಿಂದ ಪುಟ್ಟ ಶೀಶೆ ತೆಗೆದು ಮೊಣಕಾಲಿಗೆ ನೀಲಗಿರಿ ಎಣ್ಣೆ ಹಚ್ಚಿಕೊಳ್ಳತೊಡಗಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಅಜ್ಜಿಯ ಮೇಲಲ್ಲ, ನಮ್ಮ ಬಾಸ್ಕೆಟ್‌ಬಾಲ್ ಸರ್ ಮೇಲೆ. ಅವರು ತೀರಿಹೋಗಿ ವರ್ಷದ ಮೇಲಾಯಿತು, ಇನ್ನೂ ಸಿಟ್ಟು ಬರುತ್ತದೆ...

ಸರ್ ಅಂಗಿಯ ಕಿಸೆಯಲ್ಲಿ ಯಾವಾಗಲೂ ಆ ಎಣ್ಣೆ ಇರುತ್ತಿತ್ತು. ಕಾಲು ಉಳುಕಿದರೂ ಅದೇ, ನೆಗಡಿಯಾದರೂ ಅದೇ, ಗಣಿತದಲ್ಲಿ ನಪಾಸಾದೆ ಎಂದು ಅತ್ತರೂ ಹಣೆಗೆ ಎರಡು ಹನಿ ಅದೇ. ಧಾರವಾಡದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅವರೇ ಆಟದ ಮಾಸ್ತರು. ನಾನು ಎಂಟನೇ ಇಯತ್ತೆಯಲ್ಲಿ ಟೀಮಿಗೆ ಸೇರಿದಾಗ ಮೊದಲ ಒಂದು ತಿಂಗಳು ಚೆಂಡನ್ನೇ ಮುಟ್ಟಗೊಡಲಿಲ್ಲ. ಬರೇ ಓಡುವುದು, ನಿಲ್ಲುವುದು, ತಿರುಗುವುದು. ಆಮೇಲೆ ಶುರುವಾದದ್ದು ಎಡಗೈ ಹುಚ್ಚು. ಬೀಗ ಎಡಗೈಯಿಂದ ತೆಗೆಯಬೇಕು, ತಲೆ ಎಡಗೈಯಿಂದ ಬಾಚಬೇಕು. ಅದೇ ರೂಢಿಯಲ್ಲಿ ಒಂದು ದಿನ ಮಠದಲ್ಲಿ ಪ್ರಸಾದಕ್ಕೂ ಎಡಗೈ ಚಾಚಿಬಿಟ್ಟೆ. ಅವ್ವ ಮನೆಗೆ ಬಂದು, "ನಿಮ್ಮ ಸರ್‌ಗ ಹೇಳು, ಆಟಾ ಆಟದಾಗ ಇರಲಿ ಅಂತ" ಎಂದು ಒದರಾಡಿದಳು. ಹೇಳಿದೆ. ಸರ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹತ್ತನೇ ಇಯತ್ತೆಯಲ್ಲಿದ್ದಾಗ ವಿಭಾಗ ಮಟ್ಟದ ಫೈನಲ್‌ಗೆ ಬಂದೆವು. ಕೊನೆಯ ಗಳಿಗೆ, ಒಂದು ಅಂಕ ಹಿಂದಿದ್ದೆವು. ಚೆಂಡು ನನ್ನ ಕೈಗೆ ಬಂತು. ಎಸೆದೆ, ಬುಟ್ಟಿಗೆ ಬಿತ್ತು. ರೆಫ್ರಿ ಎರಡು ಬೆರಳು ಎತ್ತಿದರು. ಗೆದ್ದೆವು! ಹುಡುಗಿಯರು ಕಿರುಚಿದರು, ಒಬ್ಬರ ಮೇಲೊಬ್ಬರು ಬಿದ್ದರು. ಸರ್ ಮಾತ್ರ ಬೆಂಚಿನಿಂದ ನಿಧಾನ ಎದ್ದು, ನೀರಿನ ಬಾಟ್ಲಿಗಳನ್ನು ಚೀಲಕ್ಕೆ ತುಂಬಿದರು. ದಾರಿಯಲ್ಲಿ ಎಲ್ಲರಿಗೂ ಗಿರಮಿಟ್ಟು ಕೊಡಿಸಿದರು. ಮ್ಯಾಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ ಬಾಸ್ಕೆಟ್. ಶಾಬ್ಬಾಸ್ ಅನ್ನಲಿಕ್ಕೂ ಅವರಿಗೆ ಬಾಯಿ ಬರಲಿಲ್ಲವಲ್ಲ ಎಂದು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಮುಂದೆ ನಾನೂ ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ಅದೇ ಸಾಲೆಗೆ ಸರ್ ಕೈಕೆಳಗೆ ಸಹಾಯಕಿಯಾಗಿ ಬಂದೆ. ನಾಲ್ಕು ವರ್ಷ... ಹೇಗೆ ಕಳೆದೆನೋ. ನಾನು ಬೆಳಿಗ್ಗೆ ಸುಣ್ಣದ ಗೆರೆ ಎಳೆದರೆ ಅವರು ಬಂದು ಟೇಪು ಹಿಡಿದು ಅಳೆದು, ಅರ್ಧ ಇಂಚು ಸೊಟ್ಟವೆಂದು ಅಳಿಸಿ ಮತ್ತೆ ಎಳೆಯುವರು.

ಅವರ ನಿವೃತ್ತಿಯ ವರ್ಷ ಬಂತು. ಅವರ ಹಳೆಯ ನೋಟಬುಕ್ಕುಗಳನ್ನೆಲ್ಲ ಹರಡಿಕೊಂಡು ಗೆಲುವುಗಳನ್ನು ಎಣಿಸಿದವಳು ನಾನೇ. ತಾಲೂಕು ಮ್ಯಾಚು ಗೆದ್ದ ದಿನ ಲೆಕ್ಕ ಸರಿಯಾಗಿ ಮುನ್ನೂರಕ್ಕೆ ಬಂತು. ಹೆಡ್‌ಮಿಸ್ ಹಿಗ್ಗಿ ಸತ್ಕಾರ ಸಮಾರಂಭವನ್ನೇ ಇಟ್ಟರು. ಗರಗದಿಂದ, ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಹಳೆಯ ಆಟಗಾರ್ತಿಯರು ತಮ್ಮ ಮಕ್ಕಳನ್ನು ಕರಕೊಂಡು ಬಂದರು. 'ಮುನ್ನೂರು ಗೆಲುವಿನ ಸರದಾರ' ಎಂಬ ಬ್ಯಾನರ್ ಕಟ್ಟಿದ್ದೆವು. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು. ಸರ್ ಮೈಕಿನ ಮುಂದೆ ಬಂದು ನಿಂತರು.

"ಇದು ಮುನ್ನೂರಲ್ರಿ. ಇನ್ನೂರ ತೊಂಬತ್ತೊಂಬತ್ತು. ಒಂದು ನಮ್ಮದಲ್ಲ."

ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಆ ವಿಭಾಗ ಮಟ್ಟದ ಫೈನಲ್ಲಿನಲ್ಲಿ ಆಟ ಮುಗಿದ ಸೀಟಿ ಊದಿದಾಗ ಚೆಂಡು ಇನ್ನೂ ಹುಡುಗಿಯ ಕೈಯಲ್ಲೇ ಇತ್ತೆಂದೂ, ರೆಫ್ರಿ ತಪ್ಪು ಕೊಟ್ಟರೆಂದೂ, ತಾವು ಕಣ್ಣಾರೆ ಕಂಡು ಸುಮ್ಮನಿದ್ದದ್ದು ತಮ್ಮ ತಪ್ಪೆಂದೂ ಹೇಳಿದರು. "ಆ ಹುಡುಗಿಗೆ ಸೀಟಿ ಕೇಳಿರಲಿಲ್ಲ. ಆಕಿದೇನೂ ತಪ್ಪಿಲ್ಲ" ಎಂದೂ ಸೇರಿಸಿದರು. ಹೆಸರು ಹೇಳಲಿಲ್ಲ ನಿಜ. ಆದರೆ ಹಳೆಯ ಟೀಮಿನವರೆಲ್ಲ ಹಣ್ಣಿನ ತಾಟು ಹಿಡಿದು ವೇದಿಕೆಯ ಪಕ್ಕ ನಿಂತಿದ್ದ ನನ್ನನ್ನೇ ನೋಡಿದರು. ನೆತ್ತಿಯವರೆಗೂ ಬಿಸಿ ಏರಿದ್ದು ಈಗಲೂ ನೆನಪಿದೆ.

ಕಾರ್ಯಕ್ರಮ ಮುಗಿದದ್ದೇ ಆಟದ ಸಾಮಾನಿನ ಕೋಣೆಯಲ್ಲಿ ಅವರನ್ನು ಹಿಡಿದೆ.

"ಸರ್ರ, ಇಷ್ಟ ವರ್ಷ ಸುಮ್ಮ ಇದ್ದವರಿಗೆ ಇನ್ನೊಂದು ತಾಸು ಸುಮ್ಮ ಇರಾಕ ಆಗ್ಲಿಲ್ಲನ್ರಿ?"

"ಅವತ್ತ ಹೇಳಬೇಕಾಗಿತ್ತವಾ. ನಿಮ್ಮ ಮಾರಿ ನೋಡಿ ಬಾಯಿ ಬರಲಿಲ್ಲ" ಎಂದರು. ಹಾಗೆಂದು ಹಾರ ತೆಗೆದು ಗೂಟಕ್ಕೆ ಹಾಕಿದರು. ಅಷ್ಟೇ.

ಆ ವರ್ಷ ಇನ್ನೆರಡು ಟೂರ್ನಮೆಂಟು ಉಳಿದಿದ್ದವು. ಎರಡರಲ್ಲೂ ಮೊದಲ ಮ್ಯಾಚಿಗೇ ಸೋತೆವು. ಸರ್ ಇನ್ನೂರ ತೊಂಬತ್ತೊಂಬತ್ತಕ್ಕೇ ನಿವೃತ್ತರಾದರು. ಅವರ ಜಾಗಕ್ಕೆ ಆಡಳಿತ ಮಂಡಳಿಯವರು ಹೊರಗಿನ ಒಬ್ಬ ಕೋಚನ್ನು ತರುವವರಿದ್ದರು. ಸರ್ ಮೂರು ದಿನ ಹೆಡ್‌ಮಿಸ್ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. "ನಿಮ್ಮ ಸರ್ ಕಾಟ ತಡೀಲಾರದ ನಿಮ್ಮ ಹೆಸರಿಗೆ ಸಹಿ ಮಾಡೇನಿ ನೋಡ್ರಿ" ಎಂದು ಹೆಡ್‌ಮಿಸ್ ನನ್ನನ್ನು ಕರೆದು ಹೇಳಿದರು. ಅದಕ್ಕೂ ನನಗೆ ಸಿಟ್ಟು ಬಂತು. ನಾನು ಯಾವಾಗ ಕೇಳಿದ್ದೆ?

ಸರ್ ಸಾಮಾನಿನ ಕೋಣೆಯ ಕೀಲಿ ಕೊಟ್ಟರು, ಆದರೆ ಗ್ರೌಂಡು ಬಿಡಲಿಲ್ಲ. ದಿನಾ ಸಂಜೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತು ಅಲ್ಲಿಂದಲೇ ಒದರುವರು. ನಾನೊಂದು ಹೇಳಿದರೆ ಅವರೊಂದು. ಹುಡುಗಿಯರು ನನ್ನ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡುವರು. ಎರಡು ತಿಂಗಳು ತಡೆದುಕೊಂಡೆ. ಒಂದು ಸಂಜೆ ಹತ್ತಿರ ಹೋಗಿ, "ನಾಳಿಂದ ಬರಬ್ಯಾಡ್ರಿ ಸರ್ರ" ಎಂದುಬಿಟ್ಟೆ.

ಸರ್ ಎದ್ದರು, ಪ್ಯಾಂಟಿಗೆ ಹತ್ತಿದ ಮಣ್ಣು ಕೊಡವಿಕೊಂಡರು. "ಹೂಂ" ಎಂದರು. ಮರುದಿನ ನಿಜವಾಗಿಯೂ ಬರಲಿಲ್ಲ. ಅದರ ಮರುದಿನವೂ... ಮೂವತ್ತು ವರ್ಷ ಯಾರ ಮಾತನ್ನೂ ಕೇಳದ ಮನುಷ್ಯ ನನ್ನ ಆ ಒಂದು ಮಾತನ್ನು ಮಾತ್ರ ಕೇಳಿದರು.

ನನ್ನ ಟೀಮು ಮೊದಲ ಮ್ಯಾಚು ಗೆದ್ದ ದಿನ ನೇರ ಅವರ ಮನೆಗೆ ಹೋದೆ. "ಮುನ್ನೂರು ಆತ್ರಿ ಸರ್ರ. ನೀವು ತಯಾರು ಮಾಡಿದ ಹುಡುಗ್ಯಾರ ಅವರು" ಎಂದೆ.

"ಅದು ನಿಂದು, ಒಂದನೇದು. ನನ್ನ ಲೆಕ್ಕದಾಗ ಕೂಡಸಬ್ಯಾಡ."

ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದಿದ್ದುದು ಬಾಯಿಗೆ ಬಂದುಬಿಟ್ಟಿತು. "ಸರ್ರ, ಆವತ್ತು ಸೀಟಿ ನನಗೂ ಕೇಳಿತ್ರಿ. ಕೇಳಿದ ಮ್ಯಾಲೇ ಎಸದಿದ್ದೆ."

ಸರ್ ಚಹಾದ ಬಸಿಯಿಂದ ಕಣ್ಣೆತ್ತಲಿಲ್ಲ. "ಗೊತ್ತದ. ಎಲ್ಲಾರೂ ಕುಣದ್ರು, ನೀ ಒಬ್ಬಾಕಿ ಕುಣೀಲಿಲ್ಲ."

ಗೊತ್ತಿದ್ದೂ ಅಷ್ಟು ಜನರ ಮುಂದೆ ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡಿದ್ದರು. ಸುಳ್ಳೆಂದರೆ ಆಗದ ಮನುಷ್ಯ, ನನ್ನ ಸಲುವಾಗಿ ಮೈಕಿನಲ್ಲಿ ಒಂದು ಸುಳ್ಳು ಹೇಳಿದ್ದರು. ನಾನೋ, ಅದೇ ಭಾಷಣಕ್ಕೆ ಅವರ ಜೊತೆ ಜಗಳಾಡಿದ್ದೆ. ಏಳುವಾಗ, ನಾಳೆಯಿಂದ ಗ್ರೌಂಡಿಗೆ ಬರ್ರಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಅವರು, ಇವತ್ತು ಎಷ್ಟು ಫ್ರೀ ಥ್ರೋ ಹಾಳು ಮಾಡಿದಿರಿ ಎಂದು ವಿಚಾರಣೆ ಶುರು ಮಾಡಿದರು. ನನಗೆ ಮತ್ತೆ ರೇಗಿತು. ದಸರಾ ಮುಗಿಯಲಿ, ಆಮೇಲೆ ಕರೆದರಾಯಿತು ಅಂದುಕೊಂಡೆ.

ದಸರಾಕ್ಕೆ ಎಂಟು ದಿನ ಮೊದಲೇ ಅವರು ಹೋದರು. ಬೆಳಿಗ್ಗೆ ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಹಾಗೇ... ಯಾರಿಗೂ ಏನೂ ಹೇಳಲಿಲ್ಲವಂತೆ. ಮಣ್ಣಿಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ದಿನಾ ಸಂಜಿ ಐದಕ್ಕ ಬೂಟ್ ಹಾಕ್ಕೊಂಡು ಕೂಡತಿದ್ರವಾ. ಎಲ್ಲಿ ಹೊಂಟ್ರಿ ಅಂದ್ರ, ಎಲ್ಲೂ ಇಲ್ಲಾ ಅಂತಿದ್ರು" ಎಂದರು.

ಹೋದ ಶನಿವಾರ ನಾವು ಎರಡು ಅಂಕದಿಂದ ಸೋತೆವು. ತಪ್ಪು ನನ್ನದೇ, ಒಬ್ಬ ಹುಡುಗಿಯನ್ನು ಆಟಕ್ಕೆ ತಡವಾಗಿ ಇಳಿಸಿದೆ. ಅವರಿದ್ದಿದ್ದರೆ ವಾರಗಟ್ಟಲೆ ಅದನ್ನೇ ಹಿಡಿದು ಕಾಡುತ್ತಿದ್ದರು. ಹೆಡ್‌ಮಿಸ್ ಮಾತ್ರ, "ಇರ್ಲಿ ಬಿಡ್ರಿ, ಹುಡುಗ್ಯಾರು ಛಲೋ ಆಡ್ಯಾರ" ಎಂದು ಸಮಾಧಾನ ಹೇಳಿದರು. ಯಾರೂ ಬೈಯಲಿಲ್ಲ. ಬರ್ರಿ ಎಂಬ ಒಂದು ಮಾತು ಹೇಳಲಿಕ್ಕೆ ನನಗೆ ಎಷ್ಟು ಹೊತ್ತು ಬೇಕಾಗಿತ್ತು? ಹೇಳಲಿಲ್ಲ. ಈಗ ಸಂಜೆ ಐದಾದರೆ, ಹುಡುಗಿಯರಿಗೆ ಕಾಣದ ಹಾಗೆ, ಗೇಟಿನ ಕಡೆ ಒಮ್ಮೆ ನೋಡುತ್ತೇನೆ.