ಏಳನೇ ಡಬ್ಬಿ

ಕುಪ್ಪುಸ್ವಾಮಿಗೆ ಅರವತ್ತೊಂಬತ್ತು ವರ್ಷ. ಅವನು ಬೈದದ್ದು, ಬೀಗಿದ್ದು, ಕುಡಿದು ಅತ್ತದ್ದು ಎಲ್ಲವನ್ನೂ ಉರಿಗಾಂನ ಗಣಿ ಕೆಲಸಗಾರರ ಮನೆಸಾಲುಗಳಲ್ಲಿ ಎರಡನೇ ಲೈನಿನವರು ನೋಡಿದ್ದಾರೆ. ಬಾಯಿಗೆ ಮಾತೇ ಬಾರದೆ ನಿಂತದ್ದನ್ನು ಮಾತ್ರ ಹೋದ ಭಾನುವಾರದವರೆಗೆ ಯಾರೂ ನೋಡಿರಲಿಲ್ಲ. ಅದೂ ಒಂದು ಹಿಡಿ ಖಾರದ ಪುಡಿಯ ಎದುರು.

ಗಣಿ ಮುಚ್ಚುವವರೆಗೆ ಅವನಿದ್ದದ್ದು ಅದಿರು ಪರೀಕ್ಷೆಯ ಆಫೀಸಿನಲ್ಲಿ. ಕೆಳಗಿನಿಂದ ಬಂದ ಕಲ್ಲನ್ನು ಪುಡಿ ಮಾಡಿ, ತಟ್ಟೆಯಲ್ಲಿ ನೀರಿನ ಜೊತೆ ತೊಟ್ಟಿಲಿನ ಹಾಗೆ ತೂಗಿ ತೂಗಿ ತೊಳೆದರೆ ಹಗುರವಾದದ್ದು ಹೊರಗೆ ಹರಿಯುತ್ತದೆ, ಭಾರವಾದದ್ದು ಅಂಚಿನಲ್ಲಿ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ನೋಡಿ ಚಿನ್ನ ಎಷ್ಟಿದೆ ಎನ್ನುವುದು ಅವನ ಕೆಲಸ. ಡಬ್ಬಿಯ ಮೇಲೆ ಬರೀ ನಂಬರು. ಯಾವ ಶಾಫ್ಟಿನದು, ಯಾರು ಕಳಿಸಿದರು ಎಂಬ ಚೀಟಿ ಬೇರೆ ಕಡೆ. ನೋಡುವವನಿಗೆ ಹೆಸರು ಗೊತ್ತಾದರೆ ಕಣ್ಣು ಕೆಡುತ್ತದೆ ಎಂಬುದು ಅಲ್ಲಿನ ಕಾನೂನು.

ಗಣಿ ಹೋಯಿತು, ಕಾನೂನು ಮಾತ್ರ ಕುಪ್ಪುಸ್ವಾಮಿಯ ಜಗುಲಿಗೆ ಬಂದು ಕೂತಿತು. ಪ್ರತಿ ಭಾನುವಾರ ಬೆಳಿಗ್ಗೆ ನಂಬರು ಬರೆದ ಹತ್ತು ಡಬ್ಬಿಗಳನ್ನು ಸಾಲಾಗಿಟ್ಟು ಅವನು ಒಳಗೆ ಹೋಗುತ್ತಾನೆ. ಲೈನಿನವರು ಬಂದು ತಮಗೆ ಅನುಮಾನ ಬಂದ ಸಾಮಾನನ್ನು, ಅರಿಶಿನವೋ ಟೀ ಪುಡಿಯೋ ಸಾಸಿವೆಯೋ, ಒಂದೊಂದು ಡಬ್ಬಿಗೆ ಹಾಕುತ್ತಾರೆ. ಯಾರು ಮಾರಿದ್ದು ಎಂದು ಚೀಟಿ ಬರೆದು, ಡಬ್ಬಿಯ ನಂಬರು ಹಾಕಿ, ಮಡಿಚಿ ಹಿತ್ತಾಳೆ ಚೊಂಬಿನೊಳಗೆ ಬಿಡುತ್ತಾರೆ. ಆಮೇಲೆ ಕುಪ್ಪುಸ್ವಾಮಿ ಹೊರಗೆ ಬಂದು ಪರೀಕ್ಷೆ ಮಾಡಿ ತೀರ್ಪು ಕೊಡುತ್ತಾನೆ. ಚೀಟಿ ಬಿಚ್ಚುವುದು ತೀರ್ಪಾದ ಮೇಲೆಯೇ. ಕಲಬೆರಕೆ ಎಂದಾದರೆ ಮಾರಿದವನ ಹೆಸರು ಇದ್ದಲಿನಲ್ಲಿ ಗೋಡೆಗೇರುತ್ತದೆ. ಹಾಗೆ ಗೋಡೆಗೇರಿದವನ ಹತ್ತಿರ ಲೈನಿನವರು ಬೆಂಕಿಪೊಟ್ಟಣವನ್ನೂ ಕೊಳ್ಳುವುದಿಲ್ಲ. ಬಂಗಾರಪೇಟೆಯ ಅಂಗಡಿಯವರು ಮಾರಿಕುಪ್ಪಂ ರೈಲು ಹತ್ತಿ ಬಂದು, ಹೆಸರು ಅಳಿಸು ಮಾರಾಯ ಎಂದು ಕೈಮುಗಿದದ್ದುಂಟು. ಕುಪ್ಪುಸ್ವಾಮಿ ಜಗ್ಗಿದವನಲ್ಲ. ಮೀಸೆ ತಿರುವುತ್ತಾ ಕೂತಿರುತ್ತಿದ್ದ.

ಅವನ ಹೆಂಡತಿ ಆದಿಲಕ್ಷ್ಮಮ್ಮ ಈ ದರ್ಬಾರಿಗೆ ತಲೆ ಹಾಕಿದವಳಲ್ಲ. ಅವಳದು ಖಾರದ ಪುಡಿ. ಒಣಮೆಣಸಿನಕಾಯಿ ಆರಿಸಿ ತಂದು, ತೊಟ್ಟು ಮುರಿದು, ಬಿಸಿಲಿಗೆ ಹಾಕಿ, ಬಂಗಾರಪೇಟೆಯ ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದು ಮನೆಮನೆಗೂ ಕೊಡುತ್ತಾಳೆ. ಹದಿನೈದು ವರ್ಷದಿಂದ ಆ ಮನೆಯ ಒಲೆ ಉರಿಯುತ್ತಿರುವುದೇ ಆ ಪುಡಿಯಿಂದ. ಪಕ್ಕದ ಮನೆಯ ಪುಷ್ಪ ತನ್ನ ಮೊಮ್ಮಗುವಿಗೆ ಮೊದಲ ತುತ್ತು ಸಾರನ್ನ ಕಲಸಿದ್ದೂ ಅದೇ ಪುಡಿಯ ಸಾರಿನಲ್ಲಿ. ಅದನ್ನು ಯಾರೂ ಯಾವತ್ತೂ ಡಬ್ಬಿಗೆ ಹಾಕಿರಲಿಲ್ಲ. ಪರೀಕ್ಷೆ ಮಾಡುವವನ ಮನೆಯ ಪುಡಿಯ ಮೇಲೆ ಅನುಮಾನ ಯಾರಿಗೆ ಬರಬೇಕು?

ಒಂದು ತಿಂಗಳ ಹಿಂದೆ ಊಟ ಮಾಡುವಾಗ ಕುಪ್ಪುಸ್ವಾಮಿಯ ಹಲ್ಲಿಗೆ ಏನೋ ಕರಕ್ಕೆಂದಿತು. ಅವನು ತಟ್ಟೆ ತಳ್ಳಿ ಎದ್ದ. ಅಕ್ಕಿ ಸೆಲ್ವರಾಜನದು. ಸೆಲ್ವರಾಜ ಎಂದರೆ ಗಣಿಯಲ್ಲಿ ಇವನ ಜೊತೆಗಾರ, ಈಗ ಲೈನಿನ ಮೂಲೆಯಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡವನು. ಕುಪ್ಪುಸ್ವಾಮಿ ಭಾನುವಾರಕ್ಕೆ ಕಾಯಲಿಲ್ಲ, ಅಕ್ಕಿಯನ್ನು ಡಬ್ಬಿಗೂ ಹಾಕಲಿಲ್ಲ, ಅವತ್ತೇ ಅವನ ಹೆಸರನ್ನು ಗೋಡೆಗೆ ಬರೆದ. ನಿನ್ನೆದುರಿಗೇ ಅಕ್ಕಿ ತೊಳೆದು ತೋರಿಸುತ್ತೇನೆ ಎಂದು ಸೆಲ್ವರಾಜ ಬಂದರೆ, ನನ್ನ ಹಲ್ಲಿಗಿಂತ ಸಾಕ್ಷಿ ಬೇಕೇನೋ ಎಂದು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದ. ಅಂದಿನಿಂದ ಆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಯಿತು.

ಹೋದ ಭಾನುವಾರ ಆರು ಡಬ್ಬಿಗಳು ಮುಗಿದವು. ಏಳನೆಯದರಲ್ಲಿ ಖಾರದ ಪುಡಿ. ಬಣ್ಣ ಚೆನ್ನಾಗಿತ್ತು, ಘಾಟೂ ಇತ್ತು. ಕುಪ್ಪುಸ್ವಾಮಿ ಅದನ್ನು ತಟ್ಟೆಗೆ ಸುರಿದು, ನೀರು ಹಾಕಿ, ತನ್ನ ಹಳೆಯ ಲಯದಲ್ಲಿ ತೂಗತೊಡಗಿದ. ಕೆಂಪು ನೀರು ಅಂಚು ದಾಟಿ ಹರಿಯಿತು. ಮತ್ತೆ ನೀರು, ಮತ್ತೆ ತೂಗಾಟ. ಮೆಣಸಿನಕಾಯಿಯೆಲ್ಲ ಹೋಗಿ ತಟ್ಟೆ ಖಾಲಿಯಾಗಬೇಕಿತ್ತು. ಆಗಲಿಲ್ಲ. ಅಂಚಿನಲ್ಲಿ ಬೆರಳಗಲದ ಗೆರೆ ನಿಂತಿತು, ಮಂಕಾದ ಕೆಂಪು. ಉಗುರಿನಲ್ಲಿ ತಿಕ್ಕಿ ನೋಡಿದ, ಕರಕರ ಎಂದಿತು. ಕುಪ್ಪುಸ್ವಾಮಿಯ ಮೈ ಉರಿದುಹೋಯಿತು.

"ಇಟ್ಟಿಗೆ ಪುಡಿ ಕಣ್ರಪ್ಪ. ಮಕ್ಳು ಮರಿ ತಿನ್ನೋ ಖಾರಕ್ಕೆ ಇಟ್ಟಿಗೆ ಬೀಸಿ ಆಕವ್ರೆ. ಇದನ್ನ ಮಾರ್ದೋರ ಕೈಲಿ ಇನ್ಮೇಲೆ ಈ ಲೈನಾಗೆ ಯಾರೂ ಒಂದ್ಲೋಟ ನೀರೂ ಈಸ್ಕೊಂಡು ಕುಡೀಬಾರ್ದು."

ಜನ ಹೌದೆಂದು ತಲೆಯಾಡಿಸಿದರು. ಚೀಟಿ ಓದುವುದು ಪುಷ್ಪಳ ಪಾಲಿನ ಕೆಲಸ. ಅವಳು ಏಳನೇ ನಂಬರಿನದನ್ನು ಹುಡುಕಿ ಬಿಚ್ಚಿದಳು, ಓದಲಿಲ್ಲ. ಇನ್ನೊಮ್ಮೆ ನೋಡಿದಳು. ಜೋರಾಗಿ ಓದು ಎಂದು ಕುಪ್ಪುಸ್ವಾಮಿ ಗದರಿದ್ದಕ್ಕೆ ಚೀಟಿಯನ್ನು ಅವನ ಕೈಗೇ ಇಟ್ಟುಬಿಟ್ಟಳು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಏಳು. ಖಾರದ ಪುಡಿ. ಮಾರಿದ್ದು ಆದಿಲಕ್ಷ್ಮಮ್ಮ, ಎರಡನೇ ಲೈನು.'

ಓದಿದ ಕೂಡಲೇ ಅವನಿಗೆ ಸಿಟ್ಟು ನೆತ್ತಿಗೇರಿತು. ಸೆಲ್ವರಾಜ ಗುಂಪಿನ ಹಿಂದೆ ಬೇಲಿಯ ಹತ್ತಿರ ನಿಂತಿದ್ದ. ಹೊಟ್ಟೆ ಉರಿಗೆ ನನ್ನ ಹೆಂಡತಿಯ ಪುಡಿಗೆ ಇಟ್ಟಿಗೆ ಬೆರೆಸಿ ತಂದೆಯಾ, ನಿನಗೆ ಮಾನ ಮರ್ಯಾದೆ ಇದೆಯಾ ಎಂದು ಕುಪ್ಪುಸ್ವಾಮಿ ಅವನ ಮೇಲೆ ಹರಿಹಾಯ್ದ.

"ಆವಣ್ಣನ್ನ ಯಾಕೆ ಬೈತೀಯ? ಡಬ್ಬಿಗೆ ಆಕಿದ್ದು ನಾನು."

ಬಾಗಿಲಲ್ಲಿ ಆದಿಲಕ್ಷ್ಮಮ್ಮ ನಿಂತಿದ್ದಳು. ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದಳು. ಮಂಡಿ ನೋವು ಬಂದ ಮೇಲೆ ಮಿಲ್ಲಿನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ, ಮೆಣಸಿನಕಾಯಿ ಚೀಲ ಅಲ್ಲೇ ಬಿಟ್ಟು ಸಂಜೆ ಪುಡಿ ತರುತ್ತಿದ್ದಳು. ಸೆಲ್ವರಾಜನ ಹೆಸರು ಗೋಡೆಗೆ ಬಿದ್ದ ವಾರ ಪುಡಿಯ ಡಬ್ಬ ತೊಳೆಯುವಾಗ ತಳದಲ್ಲಿ ಕೆಂಪು ಮಣ್ಣು ಕಂಡಿತು. ಆವತ್ತಿನಿಂದ ಅವಳು ಯಾರಿಗೂ ಪುಡಿ ಕೊಟ್ಟಿಲ್ಲ, ಮುಗಿದುಹೋಗಿದೆ ಎನ್ನುತ್ತಿದ್ದಳು.

"ನಂಗೇ ಮೊದ್ಲು ಏಳ್ಬಾರ್ದಿತ್ತೇನೇ?" ಎಂದ ಕುಪ್ಪುಸ್ವಾಮಿ.

"ಏಳಿದ್ನಲ್ಲ. ವಸಿ ನೋಡು ಅಂತ ನಿನ್ಮುಂದೆ ತಂದಿಕ್ಕಿದ್ನಲ್ಲ. ನಮ್ಮನೆ ಪುಡಿ ಏನೇ ನೋಡೋದು ಅಂತ ನಕ್ಬುಟ್ಟೆ ನೀನು. ನನ್ನೆಸ್ರು ಇದ್ರೆ ನಿನ್ ಕಣ್ಣಿಗೆ ಕಾಣಾಕಿಲ್ಲ. ಅದ್ಕೇ ನಂಬರ್ ಆಕ್ದೆ."

ಅವನಿಗೆ ಆ ನಗು ನೆನಪಾಯಿತು. ಹಲ್ಲಿಗೆ ಸಿಕ್ಕಿದ ಕರಕರವೂ ನೆನಪಾಯಿತು. ಕಲ್ಲಿನೊಳಗಿನ ಚಿನ್ನವನ್ನು ಹೇಳುತ್ತಿದ್ದವನು ತನ್ನ ತಟ್ಟೆಯಲ್ಲಿದ್ದ ಇಟ್ಟಿಗೆಯನ್ನು ತಿಂದು, ಜೊತೆಗಾರನ ಅಕ್ಕಿಯನ್ನು ದೂರಿದ್ದ. ಪುಷ್ಪ ಬಾಯಿಗೆ ಸೆರಗು ಒತ್ತಿಕೊಂಡು ತನ್ನ ಮನೆಯ ಕಡೆ ಓಡುವಂತೆ ನಡೆದಳು. ಮಗು ಮಲಗಿತ್ತು, ಚೆನ್ನಾಗಿಯೇ ಇತ್ತು, ಆದರೂ ಎತ್ತಿ ಎದೆಗೊತ್ತಿಕೊಂಡಳಂತೆ. ಕುಪ್ಪುಸ್ವಾಮಿ ಏನೋ ಹೇಳಲು ಹೋದ, ನಾಲಿಗೆ ಹೊರಳಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಜಗುಲಿಯ ಮೇಲಿಟ್ಟ.

ಬರೆಯಬೇಕಾದ್ದು ಮಿಲ್ಲಿನವನ ಹೆಸರು, ಇವಳದೇನು ತಪ್ಪು ಎಂದು ಗುಂಪಿನಲ್ಲಿ ಯಾರೋ ಅಂದರು. ಆದಿಲಕ್ಷ್ಮಮ್ಮ ಒಪ್ಪಲಿಲ್ಲ. ಮಿಲ್ಲಿನವನನ್ನು ನಾಳೆ ಹೋಗಿ ಕೇಳುತ್ತೇನೆ, ಮನೆಮನೆಗೆ ಕೊಟ್ಟವಳು ನಾನು ಎಂದಳು. ಒಳಗೆ ಹೋಗಿ ಇದ್ದಲ ಚೂರನ್ನೂ ಒದ್ದೆ ಬಟ್ಟೆಯನ್ನೂ ತಂದು ಗಂಡನ ಕೈಗೆ ಕೊಟ್ಟಳು.

"ಮೊದ್ಲು ಸೆಲ್ವರಾಜಣ್ಣನ ಎಸ್ರು ಒರ್ಸು. ಆಮೇಲೆ ನಂದು ಬರಿ."

ಅವನು ಒರೆಸಿದ. ಇದ್ದಲ ಕಲೆ ಸುಲಭಕ್ಕೆ ಹೋಗಲಿಲ್ಲ, ಮೂರು ಸಲ ಒರೆಸಬೇಕಾಯಿತು. ಸೆಲ್ವರಾಜ ಬೇಲಿಯ ಹತ್ತಿರವೇ ತಲೆ ತಗ್ಗಿಸಿ ನಿಂತಿದ್ದ. ಕುಪ್ಪುಸ್ವಾಮಿ ಅದೇ ಜಾಗದಲ್ಲಿ ಹೆಂಡತಿಯ ಹೆಸರು ಬರೆದ. ಸೊಟ್ಟಗಾಯಿತು.

"ಲೈನ್ ನಂಬರೂ ಆಕು," ಎಂದಳು ಆದಿಲಕ್ಷ್ಮಮ್ಮ. "ಐದ್ನೇ ಲೈನಾಗೆ ಇನ್ನೊಬ್ಳು ಆದಿಲಕ್ಷ್ಮಮ್ಮ ಅವ್ಳೆ. ಪಾಪ, ಅವಳ ಮೇಲೆ ಬರ್ಬಾರ್ದು."

ಕುಪ್ಪುಸ್ವಾಮಿ ಲೈನಿನ ನಂಬರು ಹಾಕಿದ. ಅವಳು ಹೇಳದಿದ್ದರೂ ಅದರ ಕೆಳಗೆ ತಮ್ಮಿಬ್ಬರ ಮನೆಯ ನಂಬರನ್ನೂ ಬರೆದ.