ರಸ್ತೆಗೊಂದು, ಟ್ರ್ಯಾಕಿಗೊಂದು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದ. ಅದರ ಅಂಚಿನಲ್ಲಿ ಕೂತ ಟೈರಿನ ಕಪ್ಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಯಾವ ಟೈರು ಬಂದರೂ ಆ ಉಗುರನ್ನು ರಬ್ಬರಿಗೆ ಒತ್ತಿ ಬಿಟ್ಟು, ಬಿದ್ದ ಗೆರೆ ಮಾಯವಾಗುವುದನ್ನು ಕಣ್ಣು ಸಣ್ಣದು ಮಾಡಿಕೊಂಡು ನೋಡುತ್ತಿದ್ದರು. ಸಂತೆಯ ಬದನೆಕಾಯಿಗೂ ಅದೇ ಪರೀಕ್ಷೆ. ಬಸವನ ಬಾಗೇವಾಡಿಯ ನಿಡಗುಂದಿ ರಸ್ತೆಯಲ್ಲಿ ಅವರ ಟೈರಿನ ಅಂಗಡಿ, ಎದುರಿಗೆ ನನ್ನ ಹಲ್ಲಿನ ದವಾಖಾನೆ. ಊರಿಗೆಲ್ಲ ಅವರು ಚಾಚಾ, ನನಗೂ ಚಾಚಾ.

ಅಷ್ಟು ಅನುಮಾನದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಒಮ್ಮೆ ಹಲ್ಲುನೋವೆಂದು ಬಂದಾಗ, ನೋಯುವ ಹಲ್ಲಿನ ನೇರಕ್ಕೆ ಗಲ್ಲದ ಮೇಲೆ ಬಾಲ್‌ಪೆನ್ನಿನಿಂದ ಗುರುತು ಹಾಕಿಕೊಂಡೇ ಬಂದಿದ್ದರು.

"ಡಾಕ್ಟರವ್ವಾ, ಸಿಟ್ಟಾಗಬ್ಯಾಡ. ಬಾಜೂದ್ದು ಕಿತ್ತಿ ಅಂದ್ರ ಮತ್ತ ಹಚ್ಚಾಕ ಬರೂದಿಲ್ಲ."

ಸಿಟ್ಟೂ ಬಂತು, ನಗೆಯೂ ಬಂತು. ಕಿತ್ತ ಹಲ್ಲನ್ನು ಬೆಳಕಿಗೆ ಹಿಡಿದು, ಹುಳುಕು ಕಂಡ ಮೇಲೆಯೇ ಪುಣ್ಯಾತ್ಮ ಕುರ್ಚಿಯಿಂದ ಎದ್ದದ್ದು.

ನನಗೆ ಕಾರೆಂದರೆ ಹುಚ್ಚು. ಕೊಯಮತ್ತೂರಿನ ಕಡೆ ರೇಸಿನ ಟ್ರ್ಯಾಕನ್ನು ಒಂದೊಂದು ದಿನ ನಮ್ಮಂಥವರಿಗೂ ಬಿಟ್ಟುಕೊಡುತ್ತಾರೆ, ಸ್ವಂತ ಕಾರನ್ನೇ ಮನಸಾರೆ ಓಡಿಸಬಹುದು. ಟ್ರ್ಯಾಕ್ ಡೇ ಅನ್ನುತ್ತಾರೆ. ಹೋಗಲೇಬೇಕೆಂದು ಹಟ ಹಿಡಿದೆ. ಅದಕ್ಕೆ ಹಗುರವಾದ ಗಾಲಿ ಬೇಕು. ಗಾಲಿ ಹಗುರಾದಷ್ಟೂ ಕಾರು ಹೇಳಿದ ಮಾತು ಬೇಗ ಕೇಳುತ್ತದೆ. ಇಂಡಿ ಪಟ್ಟಣದಲ್ಲಿ ಒಬ್ಬರು ಮಾರುತ್ತಿದ್ದ ಸೆಟ್ಟನ್ನು ತರಿಸಿ ಚಾಚಾಗೆ ತೋರಿಸಿದೆ.

"ಬಣ್ಣ ಇಷ್ಟ್ ಹೊಸಾದು ಯಾಕ ಐತಿ? ಒಳಗ ಏನೋ ಮುಚ್ಯಾರ," ಎಂದವರೇ ಕೆರೆಯತೊಡಗಿದರು. ಬಣ್ಣದ ಕೆಳಗೆ ಬಿರುಕು ಇತ್ತು, ಅದರ ಮೇಲೆ ವೆಲ್ಡಿಂಗು ಇತ್ತು. ಗಾಲಿಗಳು ಬಂದ ದಾರಿಗೇ ಹೋದವು.

ಆಮೇಲೆ ಅವರು ಹೇಳಿದ್ದು ಮಾತ್ರ ನನಗೆ ಸರಿಬರಲಿಲ್ಲ. "ಎರಕ ಹೊಯ್ದಿದ್ದು ಬ್ಯಾಡ, ಬಡದು ಮಾಡಿದ್ದ ಗಾಲಿ ತಗೊ. ಹಗರೂ ಇರತೈತಿ, ಗಟ್ಟಿನೂ ಇರತೈತಿ. ಅದಕ್ಕ ಮೆತ್ತನ್ನ ಟೈರ್ ಹಾಕ್ತೇನಿ, ಟ್ರ್ಯಾಕ್ ಹಿಡೀತೈತಿ. ಆದ್ರ ಅದನ್ನ ಗೊಳಸಂಗಿ ದಾರ್ಯಾಗ ಓಡಿಸಿದಿ ಅಂದ್ರ ಸವದ ಹೋಗತೈತಿ. ಈಗಿರೂ ಗಾಲಿಗೆ ಬದಿ ದಪ್ಪ ಇರೂ ಗಟ್ಟಿ ಟೈರ್ ಇರಲಿ. ರಸ್ತೆಗೊಂದು, ಟ್ರ್ಯಾಕಿಗೊಂದು."

ಎರಡು ಸೆಟ್ಟು! ಮಾರುವವರೂ ಅವರೇ, ಬುದ್ಧಿ ಹೇಳುವವರೂ ಅವರೇ. "ಚಾಚಾ ನಿನಗ ಟೋಪಿ ಹಾಕಾಕತ್ತಾರ," ಎಂದರು ನನ್ನ ಗಂಡ. ಸಿಂದಗಿಯಲ್ಲಿ ಕೇಳಿದೆ, ಮುದ್ದೇಬಿಹಾಳದಲ್ಲಿ ಕೇಳಿದೆ. ಅವರೂ ಅದನ್ನೇ ಹೇಳಿದಾಗ ಅಂಗಡಿಯವರೆಲ್ಲ ಒಂದೇ ಎಂದು ಅನುಮಾನ ಇನ್ನಷ್ಟು ಬಲಿಯಿತು. ಕೊನೆಗೆ ಬೇರೆ ದಾರಿಯಿಲ್ಲದೆ ಚಾಚಾ ಹೇಳಿದ್ದನ್ನೇ ತೆಗೆದುಕೊಂಡೆ. "ಅಲ್ಲಿ ಗಾಲಿ ಯಾರ್ ಬಿಗಿ ಮಾಡ್ತಾರೋ ಏನೋ," ಎಂದು ನನ್ನ, ನನ್ನ ಗಂಡನ ಜೊತೆ ಚಾಚಾನೂ ಹೊರಟು ನಿಂತರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ, ಟ್ರ್ಯಾಕಿನ ಗಾಲಿಗಳಿಗೆ ಆತು ಕೂತು ಬಂದರು.

ಟ್ರ್ಯಾಕಿನಲ್ಲಿ ತಾವೇ ಗಾಲಿ ಬದಲಿಸಿದರು. ಅಲ್ಲಿಯವರ ಗಾಳಿ ಅಳೆಯುವ ಮೀಟರನ್ನು ನಂಬದೆ ತಮ್ಮದನ್ನೇ ಹಚ್ಚಿ ನೋಡಿದರು. ನಾನು ಹೊರಟೆ. ಮೊದಲ ತಿರುವಿನಲ್ಲೇ ಸ್ಟಿಯರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ಬೆಣ್ಣೆಯ ಮೇಲೆ ಇಟ್ಟಂತೆ ಜಾರಿ ಜಲ್ಲಿಕಲ್ಲಿನೊಳಗೆ ಹೋಗಿ ನಿಂತಿತು. ಜೀವ ಬಾಯಿಗೆ ಬಂದಿತ್ತು. ಹಳೆಯ ಮಾಲು ದಾಟಿಸಿದ, ನನ್ನನ್ನು ಕೊಲ್ಲುತ್ತಿದ್ದ ಈ ಮುದುಕ ಎಂದು ಹಲ್ಲು ಕಡಿದೆ. ಕಾರನ್ನು ಎಳೆದು ತಂದಾಗ ನನ್ನ ಗಂಡ ಎಲ್ಲರೆದುರೇ ಕೂಗಾಡಿದರು. "ಎಂಥಾ ಟೈರ್ ಕೊಟ್ರಿ ಚಾಚಾ? ಈಕೀಗೆ ಏನರ ಆಗಿದ್ರ?"

ಚಾಚಾ ಬಗ್ಗಿ ಟೈರಿನ ಮೈ ಸವರಿದರು, ಬೆರಳನ್ನು ಮೂಸಿದರು, ಅಲ್ಲೇ ಕುಸಿದು ಕೂತರು.

"ಇದು ನಂದ ಕೈ, ಡಾಕ್ಟರವ್ವಾ. ಟೈರ್ ಚಲೋ ಅದಾವು. ನಾನ ಪಾಲಿಶ್ ಹಚ್ಚೇನಿ."

ಅವರ ಅಂಗಡಿಯ ರೂಢಿ ಅದು. ಹಬ್ಬಕ್ಕೆ ಟ್ರ್ಯಾಕ್ಟರಿನ ಟೈರುಗಳಿಗೆ ಎಣ್ಣೆ ಬೆರೆಸಿದ ಕರಿ ಪಾಲಿಶ್ ಉಜ್ಜಿ ಮಿರಮಿರ ಮಿಂಚುವಂತೆ ಮಾಡಿ ಕಳಿಸುತ್ತಿದ್ದರು, ನೆಲಕ್ಕೆ ತಾಗುವ ಭಾಗಕ್ಕೂ ಬಿಡದೆ. ಟ್ರ್ಯಾಕ್ಟರಾದರೆ ಊರು ದಾಟುವಷ್ಟರಲ್ಲಿ ಅದು ಮಣ್ಣಿಗೆ ಹೋಗುತ್ತದೆ. ಇವು ನೆಲವನ್ನೇ ಮುಟ್ಟದೆ ಸೀಟಿನ ಮೇಲೆ ಬಂದಿದ್ದವು. "ಡಾಕ್ಟರವ್ವ ಮೊದಲ ಸರೆ ಹೊಂಟಾಳ, ಚಂದ ಕಾಣ್ಲಿ ಅಂತ ಮಾಡೇನಿ," ಎಂದರು. ಊರಲ್ಲಿ ಎಲ್ಲರನ್ನೂ ಅನುಮಾನಿಸಿದ ಮನುಷ್ಯ ತಮ್ಮ ಕೈಯೊಂದನ್ನು ಮಾತ್ರ ಅನುಮಾನಿಸದೆ ಬಿಟ್ಟಿದ್ದರು. ಜಾರಿದ್ದು ಟ್ರ್ಯಾಕಿನ ಧೂಳಿನಿಂದ ಎಂದಿದ್ದರೂ ನಾವು ನಂಬುತ್ತಿದ್ದೆವು.

ಸಾಬೂನು, ಬ್ರಷ್ಷು ತರಿಸಿ ನಾಲ್ಕನ್ನೂ ತಾವೇ ತಿಕ್ಕಿದರು. ಇನ್ನು ಓಡಿಸುವುದು ಬೇಡ, ಮನೆಗೆ ಹೋಗೋಣ ಎಂದೆ. ಅವರು ಸ್ವಲ್ಪ ದೂರ ಹೋಗಿ ಯಾರಿಗೋ ಫೋನು ಮಾಡಿ ಬಂದರು. ತಲೆಯ ಮೇಲಿನ ಟೋಪಿ ತೆಗೆದು ಜುಬ್ಬಾದ ಕಿಸೆಗಿಟ್ಟು, ಹೆಲ್ಮೆಟ್ ಕೇಳಿದರು.

"ಇಷ್ಟು ದೂರ ಬಂದು ಅಂಜಿ ಹೋದಿ ಅಂದ್ರ ಆ ಅಂಜಿಕಿ ಜನ್ಮಪೂರ್ತಿ ಬಿಡೂದಿಲ್ಲ. ನೀ ನಡಸು, ನಾ ಬಾಜೂಕ ಕುಂದರ್ತೇನಿ. ಜಾರಿದ್ರ ಇಬ್ರೂ ಜಾರೂಣು."

ಮೊದಲ ಸುತ್ತು ಮೆಲ್ಲಗೆ ಹೋಗಿ ಟೈರನ್ನು ಬಿಸಿ ಮಾಡಿದೆ. ಎರಡನೆಯ ಸುತ್ತಿನಲ್ಲಿ ಅದೇ ತಿರುವಿಗೆ ಧೈರ್ಯ ಮಾಡಿ ಬಿಟ್ಟೆ. ಕಾರು ನೆಲ ಕಚ್ಚಿಕೊಂಡು ತಿರುಗಿತು. "ಹಿಡೀತು," ಎಂದರು ಚಾಚಾ, ಅಷ್ಟೇ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮನೆಗೆ ಹೋದಾಗ ಹೆಂಗಸರ ನಡುವೆ ಕೂತಿದ್ದ ಚಾಚಿ ನನ್ನ ಕೈ ಹಿಡಿದುಕೊಂಡು ಆ ದಿನದ ಫೋನಿನ ಮಾತೆತ್ತಿದರು.

"ಅವತ್ತ ಅಲ್ಲಿಂದ ಫೋನ್ ಹಚ್ಚಿ ಅಳಾಕತ್ತಿದ್ರವ್ವಾ. ಅಂಗಡಿ ಕೀಲಿ ಎಲ್ಲೈತಿ, ತಾ ಬರಲಿಲ್ಲಂದ್ರ ಯಾರಿಗೆ ಏನ್ ಹೇಳೂದು, ಎಲ್ಲಾ ಹೇಳಿದ್ರು. ಅಷ್ಟ್ ಅಂಜಿಕಿ ಇದ್ರ ಯಾಕ್ ಕುಂದರ್ತೀರಿ ಅಂತ ನಾ ಅಂದ್ನಿ. 'ನನ್ನ ಕೈ ಮ್ಯಾಲಿನ ನಂಬಿಕಿ ಇವತ್ತ ಹೋತು. ಆಕೀ ಕೈ ಮ್ಯಾಲ ಐತಿ,' ಅಂದ್ರು."

ಚಾಚಿಯ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಹೆತ್ತವರೂ ನನ್ನನ್ನು ಅಷ್ಟು ನಂಬಿರಲಿಲ್ಲ.