ಎತ್ತಿ ಕುಡಿದ ಜಪಾನಿ ಟೀ

ಕತಾರಿಗೆ ಬಂದು ಆರು ವರ್ಷದಲ್ಲಿ ನನಗೆ ಸಿಕ್ಕ ಗೆಳತಿ ಒಬ್ಬಳೇ. ಐನ್ ಖಾಲಿದ್ ಬಡಾವಣೆಯ ನಮ್ಮ ಕಾಂಪೌಂಡಿನ ಎದುರುಮನೆಯ ಜಪಾನಿ ಹೆಂಗಸು. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ, ನನ್ನದೂ ಅಷ್ಟಕ್ಕಷ್ಟೇ. ಅದಕ್ಕೇ ಹೊಂದಿಕೊಂಡೆವೋ ಏನೋ. ಮಗಳಿಗೆ ಜ್ವರ ನೆತ್ತಿಗೇರಿದ ದಿನ ನಮ್ಮ ಯಜಮಾನರು ದೂರದ ದುಖಾನ್‌ನಲ್ಲಿ ಡ್ಯೂಟಿಯಲ್ಲಿದ್ದರು. ಆಸ್ಪತ್ರೆಗೆ ಕಾರು ಓಡಿಸಿದ್ದು ಇವಳೇ. ಈಗ ಗಂಡನ ಕೆಲಸ ಮುಗಿದು ಊರಿಗೆ ಹೊರಟಿದ್ದಳು. ಹೋಗುವ ಮುಂಚೆ, ಶುಕ್ರವಾರ ಬೆಳಿಗ್ಗೆ, ತಮ್ಮ ಸಂಪ್ರದಾಯದ ಟೀಗೆ ಬಾ ಎಂದು ಕರೆದಳು. ಅವಳ ಮನಸ್ಸಿಗೆ ನೋವಾಗದಂತೆ ಕುಡಿದು ಬಂದರೆ ಸಾಕು ಅಂತ ನನಗಿತ್ತು.

"ಟೀ ಕುಡಿಯೋಕೂ ರೇಷ್ಮೆ ಸೀರೇನೇನೇ? ಯಲ್ಲಾ, ಹೊರಡು, ಲೇಟಾಯ್ತು," ಎಂದು ಅರಬರ ಹಾಗೆ ಅವಸರಿಸಿದರು ಯಜಮಾನರು.

"ನಿಮಗೇನ್ರೀ ಗೊತ್ತು, ಸುಮ್ನಿರಿ," ಎಂದು ಗದರಿ ಹೊರಟೆ.

ನನಗಾದರೂ ಏನು ಗೊತ್ತಿತ್ತು, ಮಣ್ಣು! ಅಲ್ಲಿ ಇನ್ನಿಬ್ಬರು ಜಪಾನಿ ಹೆಂಗಸರು ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ನಾನೂ ಸಾಲಿನ ಕೊನೆಯಲ್ಲಿ ಹಾಗೇ ಕೂತೆ. ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಗೆಳತಿ ಒರೆಸಿದ ಚಮಚವನ್ನೇ ಮತ್ತೆ ಒರೆಸುತ್ತಾಳೆ. ನಮ್ಮ ಕಡೆಯಾದರೆ ಅಷ್ಟು ಹೊತ್ತಿಗೆ ಎರಡು ಲೋಟ ಕಾಫಿ ಇಳಿದು ನಾಲ್ಕು ಮನೆ ಸುದ್ದಿ ಮುಗಿದಿರುತ್ತಿತ್ತು. ಸಿಹಿ ಕೊಟ್ಟಳು. ಟೀ ಜೊತೆ ತಿನ್ನೋಣವೆಂದು ಇಟ್ಟುಕೊಂಡೆ. ಎಲ್ಲರೂ ನನ್ನನ್ನೇ ನೋಡಿದರು. ಮೊದಲೇ ತಿಂದು ಮುಗಿಸಬೇಕಂತೆ. ಗಬಕ್ಕನೆ ನುಂಗಿದೆ.

ಆಮೇಲೆ ಬಂತು ಟೀ. ಒಂದೇ ಬಟ್ಟಲು! ಮೊದಲನೆಯವಳು ಬಾಯಿಟ್ಟು ಕುಡಿದು, ಅಂಚನ್ನು ಒರೆಸಿ ಪಕ್ಕದವಳಿಗೆ ಕೊಟ್ಟಳು. ಅವಳೂ ಬಾಯಿಟ್ಟು ಕುಡಿದು, ಒರೆಸಿ ನನ್ನ ಕೈಗಿಟ್ಟಳು. ಅಯ್ಯೋ ರಾಮ, ಇಬ್ಬರ ಎಂಜಲು! ನಮ್ಮಮ್ಮ ಹೆತ್ತ ಮಗಳ ಲೋಟಕ್ಕೂ ಬಾಯಿ ಇಟ್ಟವರಲ್ಲ. ಬೇಡವೆಂದರೆ ಗೆಳತಿ ನೊಂದುಕೊಳ್ಳುತ್ತಾಳೆ, ಬಾಯಿಟ್ಟರೆ ಎಂಜಲು ಕುಡಿದ ಹಾಗಾಗುತ್ತದೆ. ಏನು ಮಾಡಲಿ? ಚಿಕ್ಕಂದಿನಿಂದ ಕಲಿತ ಹಾಗೆ ತಲೆ ಹಿಂದಕ್ಕೆ ಮಾಡಿ ಬಟ್ಟಲನ್ನು ಎತ್ತಿ ಹಿಡಿದೆ.

ಅದು ಟೀ ಅಲ್ಲ, ಮಸ್ಸೊಪ್ಪಿನಷ್ಟು ಗಟ್ಟಿ. ಮೊದಲು ಇಳಿಯಲೇ ಇಲ್ಲ. ಇನ್ನಷ್ಟು ಬಗ್ಗಿಸಿದೆ. ದೊಪ್ಪನೆ ಮೂಗು, ಗಲ್ಲ, ಸೀರೆಯ ಮೇಲೆಲ್ಲ ಬಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೂ ವಾಸಿಯಿತ್ತು.

ಅವರಿಬ್ಬರೂ ಹೊರಟ ಮೇಲೆ ಗೆಳತಿ ನನ್ನ ಸೆರಗು ಒರೆಸುತ್ತಾ ಕೂತಳು. ನಾನು ಸಾರಿ ಸಾರಿ ಎನ್ನುತ್ತಲೇ ಇದ್ದೆ. ಅವಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಸಮಾಧಾನ ಹೇಳಿದಳು: "ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಪ್ರೀತಿಗೆ ಎಲ್ಲರಿಗೂ ಒಂದೇ ಬಟ್ಟಲು. ನಿಮ್ಮಲ್ಲಿ ಪ್ರೀತಿಗೆ ಬೇರೆ ಲೋಟ ಇಡ್ತೀರಿ. ನಿಮ್ಮ ಅಡುಗೆಮನೆ ಕಿಟಕಿ ಹತ್ರ ನನಗೇ ಅಂತ ಒಂದು ಇಟ್ಟಿದೀರಲ್ಲ, ಬೇರೆ ಯಾರಿಗೂ ಅದರಲ್ಲಿ ಕೊಡಲ್ಲ. ನೋಡಿದೀನಿ ನಾನು."

ಮೀನು ಮಾಂಸ ತಿನ್ನುವವಳೆಂದು ನಮ್ಮ ಲೋಟಗಳ ಜೊತೆ ಸೇರಿಸದೆ ಇಟ್ಟಿದ್ದ ಲೋಟ ಅದು. ಇಷ್ಟು ವರ್ಷವೂ ಅದರಲ್ಲೇ ಕಾಫಿ ಕೊಟ್ಟಿದ್ದೆ. ಹೇಳಿಬಿಡಲೇ, ಬೇಡವೇ?

"ಹೌದು," ಎಂದೆ, "ನಿಮಗೇ ಅಂತ ಇಟ್ಟಿದ್ದು."

ಅವಳು ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ ನನಗೆ ನಮಸ್ಕಾರ ಮಾಡಿದಳು.